ಒಂದು ಗಂಟೆಗೆ ಬನಶಂಕರಿಯಲ್ಲಿರಿ

ಬಾದಾಮಿ ನೋಡುವುದು ಹೇಗೆ ಎಂದು ಯಾರಾದರೂ ಕೇಳಿದರೆ ನಾನು ಗುಹೆಗಳಿಂದ ಶುರು ಮಾಡುವುದಿಲ್ಲ. ಮಧ್ಯಾಹ್ನ ಒಂದು ಗಂಟೆಗೆ ಚೆನ್ನಾಗಿ ಹಸಿದು ಬನಶಂಕರಿಯಲ್ಲಿರಿ, ಉಳಿದದ್ದನ್ನೆಲ್ಲ ಅದರ ಹಿಂದೆಮುಂದೆ ಹೊಂದಿಸಿಕೊಳ್ಳಿ ಎನ್ನುತ್ತೇನೆ. ಪ್ರವಾಸದ ಬಸ್ಸಿನವರ ಲೆಕ್ಕವೇ ಬೇರೆ. ಬೆಳಿಗ್ಗೆ ಐಹೊಳೆ, ಆಮೇಲೆ ಪಟ್ಟದಕಲ್ಲು, ಸಂಜೆ ಬಾದಾಮಿ, ನಡುವೆ ಯಾವುದೋ ಹೋಟೆಲಿನಲ್ಲಿ ಫ್ರೈಡ್ ರೈಸ್. ಹೊತ್ತು ಮಿಕ್ಕರೆ ಬನಶಂಕರಿ, ಇಲ್ಲದಿದ್ದರೆ ಕಿಟಕಿಯಿಂದಲೇ ಒಂದು ನಮಸ್ಕಾರ.

ಗುಹೆಗಳನ್ನು ಬಿಸಿಲೇರುವ ಮುನ್ನ ಮುಗಿಸುವುದು ಒಳ್ಳೆಯದು. ಕೆಂಪು ಮರಳುಗಲ್ಲು ಬೇಗ ಕಾಯುತ್ತದೆ. ಕೈಯಲ್ಲಿ ತಿಂಡಿಯ ಪೊಟ್ಟಣವಿದ್ದರೆ ಅದು ಮಂಗಗಳ ಪಾಲು. ಮೊದಲ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಫೋಟೊಗೆ ನೂಕುನುಗ್ಗಲು. ನನ್ನ ಕಾಲು ಮಾತ್ರ ಮೂರನೆಯ ಗುಹೆಗೇ ಎಳೆಯುತ್ತದೆ. ಅಣ್ಣ ಕೀರ್ತಿವರ್ಮ ಆಳುತ್ತಿದ್ದಾಗ, ಕ್ರಿ.ಶ. 578ರಲ್ಲಿ, ಮಂಗಲೇಶ ಮಾಡಿಸಿದ ಗುಹೆ ಅದು. ಕಾಲವನ್ನು ತಾನೇ ಹೇಳಿಕೊಳ್ಳುವ ಶಾಸನ ಅಲ್ಲಿದೆ. ವಿಷ್ಣು ಅಲ್ಲಿ ಆದಿಶೇಷನ ಮೇಲೆ ಮಲಗಿಲ್ಲ, ಆರಾಮಾಗಿ ಕೂತಿದ್ದಾನೆ. ಬೆಳಗಿನ ಓರೆ ಬೆಳಕಿನಲ್ಲಿ ಆ ಸುರುಳಿಗಳನ್ನು ನೋಡುತ್ತ ನಿಂತರೆ ಗೈಡ್‌ಗೆ ಬೇಸರ ಬರುತ್ತದೆ, ನಮಗೆ ಬರುವುದಿಲ್ಲ.

ಕೆಳಗಿಳಿದು ಅಗಸ್ತ್ಯ ತೀರ್ಥದ ಆಚೆ ದಡ ಸೇರಿ. ಈಶಾನ್ಯದ ಬಂಡೆಯಲ್ಲಿ ಕಪ್ಪೆ ಅರಭಟ್ಟನ ಶಾಸನವಿದೆ. ಸುಮಾರು ಕ್ರಿ.ಶ. 700ರದ್ದು. ರಾಜನ ದಂಡಯಾತ್ರೆಯಿಲ್ಲ, ದಾನದತ್ತಿಯಿಲ್ಲ. ಒಬ್ಬ ಮನುಷ್ಯನ ಸ್ವಭಾವವಷ್ಟೇ ಇದೆ. ಒಳ್ಳೆಯವರಿಗೆ ಒಳ್ಳೆಯವನಂತೆ, ಕೆಣಕಿದವರನ್ನು ಬಿಡುವವನಲ್ಲವಂತೆ. ಬಾದಾಮಿ ಸೀಮೆಯಲ್ಲಿ ಇವತ್ತಿಗೂ ಇದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ ಎಂದು ನನ್ನ ಅನುಮಾನ. ಕನ್ನಡದಲ್ಲಿ ಸಿಕ್ಕಿರುವ ಅತಿ ಹಳೆಯ ತ್ರಿಪದಿಗಳು ಇರುವುದು ಈ ಬಂಡೆಯ ಮೇಲೆ. ಮುಂದೆ ಸರ್ವಜ್ಞ ಹಿಡಿದದ್ದು ಇದೇ ತ್ರಿಪದಿಯನ್ನು. ನಸುಕಿನಲ್ಲೆದ್ದು ಜೋಳ ಬೀಸುತ್ತಿದ್ದ ಹೆಂಗಸರು ಹಾಡಿಕೊಂಡದ್ದೂ ಇದನ್ನೇ.

ಆ ಜೋಳದ ಕಡೆಗೇ ಈಗ ಹೊರಡೋಣ.

ಬನಶಂಕರಿ ಇರುವುದು ಬಾದಾಮಿಯಿಂದ ಐದು ಕಿಲೋಮೀಟರ್ ದೂರದ ಚೊಳಚಗುಡ್ಡದ ಬಳಿ. ಗುಡಿಯ ಮುಂದೆ ದೊಡ್ಡ ಹೊಂಡ, ಸುತ್ತ ಕಲ್ಲಿನ ಸಾಲುಮಂಟಪ. ದರ್ಶನ ಮುಗಿಸಿ ಹೊರಬಂದರೆ ಸಾಕು, ತಲೆಯ ಮೇಲೆ ಬುಟ್ಟಿ ಹೊತ್ತವರು ಎದುರಾಗುತ್ತಾರೆ. "ಬರ್ರಿ ಅಣ್ಣಾರ, ಊಟಾ ಮಾಡ್ರಿ. ಯಕ್ಕಾ, ನೀವೂ ಕುಂದರ್ರಿ." ಮರದ ನೆರಳಲ್ಲಿ ಕೂತರೆ ಅದೇ ಖಾನಾವಳಿ. ಮೆನು ಕಾರ್ಡ್ ಇಲ್ಲ, ಬುಟ್ಟಿಯ ಬಟ್ಟೆ ಸರಿಸಿದಾಗ ಕಂಡದ್ದೇ ಮೆನು: ಜೋಳದ ರೊಟ್ಟಿ, ಸಜ್ಜಿ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಹೆಸರುಕಾಳಿನ ಪಲ್ಯ, ಝುಣಕ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಕೆಂಪು ಮೆಣಸಿನಕಾಯಿಯ ಚಟ್ನಿ, ಹಸಿ ಉಳ್ಳಾಗಡ್ಡಿ, ಪುಟ್ಟ ಗಡಿಗೆಯಲ್ಲಿ ಮೊಸರು. ಮೊಸರಿನ ಬಗ್ಗೆ ಒಂದು ಮಾತು. ಮಣ್ಣಿನ ಗಡಿಗೆ ನೀರನ್ನು ಹೀರಿಕೊಳ್ಳುವುದರಿಂದ ಅದು ಗಟ್ಟಿ, ಬೋರಲು ಹಾಕಿದರೂ ಜಾರದಷ್ಟು. ಕೆಂಪು ಚಟ್ನಿ ಹಚ್ಚಿಕೊಂಡವರಿಗೆ ಅದರ ಬೆಲೆ ಗೊತ್ತು.

ನನ್ನ ಎದುರು ಕೂತವರು ಐವತ್ತು ದಾಟಿದ ಅವ್ವ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ. ಎರಡೂ ಊರು ಇದೇ ಸೀಮೆಯವು. ರೊಟ್ಟಿ ಹೇಗೆ ಮಾಡುತ್ತೀರಿ ಎಂದರೆ ನಕ್ಕರು, ಆಮೇಲೆ ಹೇಳಿದರು. ಜೋಳದ ಹಿಟ್ಟಿಗೆ ಗೋಧಿಯ ಜಿಗುಟಿಲ್ಲ. ಅದಕ್ಕೇ ಕುದಿಯುವ ಎಸರು ಹಾಕಿ ನಾದಬೇಕು. ಹಿಟ್ಟು ಹೊಸದಾಗಿರಬೇಕು, ಹಳತಾದರೆ ಬಡಿಯುವಾಗಲೇ ಅಂಚು ಬಿರಿಯುತ್ತದೆ. ಹಂಚಿಗೆ ಹಾಕಿದ ಮೇಲೆ ಒದ್ದೆ ಬಟ್ಟೆಯಿಂದ ನೀರು ಸವರಿ, ಆರುತ್ತಿದ್ದಂತೆ ಮಗುಚಬೇಕು. ಚೆನ್ನಾಗಿ ಒಣಗಿಸಿ ಕಡಕ್ ಮಾಡಿದ್ದು ವಾರಗಟ್ಟಲೆ ಇರುತ್ತದೆ.

ಬೀಸುವ ಪದ ಬರುತ್ತದೆಯೇ ಎಂದು ಕೇಳಿದೆ. "ನಮ್ಮತ್ತಿಗೆ ಬರ್ತಿದ್ವು. ಗಿರಣಿ ಬಂತು, ಹಾಡೂ ಹೋದ್ವು, ರಟ್ಟಿನೋವೂ ಹೋತ್ರಿ" ಎಂದರು. ಹೋದ ಹಾಡಿಗಾಗಿ ನಮ್ಮ ವಿಚಾರಸಂಕಿರಣಗಳು ಸುರಿಸುವ ಕಣ್ಣೀರಿನ ಒಂದು ಹನಿಯೂ ಆ ಮಾತಿನಲ್ಲಿರಲಿಲ್ಲ. ಬೀಸುಕಲ್ಲು ತಿರುಗಿಸದ ನಾನು ಹೆಚ್ಚು ಮಾತಾಡುವುದು ಸರಿಯಲ್ಲವೆಂದು ಇನ್ನೊಂದು ರೊಟ್ಟಿ ಹಾಕಿಸಿಕೊಂಡೆ.

ಈ ತಾಟನ್ನು ತೋರಿಸಿ "ಇದು ಚಾಲುಕ್ಯರ ಕಾಲದ ಊಟ" ಎನ್ನುವವರೂ ಇದ್ದಾರೆ. ನಂಬಬೇಡಿ. ಮೆಣಸಿನಕಾಯಿ, ಶೇಂಗಾ ಎರಡೂ ಅಮೆರಿಕ ಖಂಡದವು. ಪೋರ್ಚುಗೀಸರು ಬಂದ ಮೇಲೆ ಇಲ್ಲಿಗೆ ಬಂದಂಥವು. ಇಮ್ಮಡಿ ಪುಲಕೇಶಿ ಹರ್ಷನನ್ನು ತಡೆದದ್ದು ನಿಜ, ಆದರೆ ಪಾಪ, ಕೆಂಪು ಚಟ್ನಿಯ ರುಚಿ ಅವನಿಗೆ ಗೊತ್ತಿರಲಿಲ್ಲ. ಅವನ ಅಡುಗೆಮನೆಗೆ ಕಾಳುಮೆಣಸೇ ಖಾರ. ಬದನೆಕಾಯಿಯ ಮಾತು ಬೇರೆ, ಅದು ನಮ್ಮ ನೆಲದ್ದೇ.

ಬನಶಂಕರಿಯೂ ಕಾಯಿಪಲ್ಯದ ದೇವತೆ. ಬರ ಬಿದ್ದಾಗ ತನ್ನ ಮೈಯಿಂದಲೇ ಕಾಯಿ, ಸೊಪ್ಪು ಬೆಳೆದು ಲೋಕಕ್ಕೆ ಉಣಿಸಿದ ಶಾಕಂಭರಿ ಇವಳೇ ಎಂದು ನಂಬಿಕೆ. ಮಳೆ ಪದೇ ಪದೇ ಕೈಕೊಡುವ ಈ ಸೀಮೆಗೆ ಇಂಥ ದೇವಿಯೇ ಬೇಕಿತ್ತು. ಪುಷ್ಯ ಮಾಸದ ಬನದ ಹುಣ್ಣಿಮೆಗೆ ತೇರು. ಅದಕ್ಕೂ ಮುನ್ನ ಪಲ್ಲೇದ ಹಬ್ಬ, ಅಂದು 108 ಬಗೆಯ ಕಾಯಿಪಲ್ಯದ ಅಡುಗೆ ನೈವೇದ್ಯಕ್ಕೆ. ದೇವಾಂಗ ನೇಕಾರರಿಗೆ ಇವಳು ಕುಲದೇವತೆ, ಹಾಗಾಗಿ ದೂರದೂರದ ನೇಕಾರರ ಮನೆಗಳೂ ಜಾತ್ರೆಗೆ ಬಂದು ಸೇರುತ್ತವೆ.

ಜಾತ್ರೆಗೆ ಹೋಗುವುದಾದರೆ ರಾತ್ರಿಯ ನಾಟಕ ಬಿಡಬೇಡಿ. ವೃತ್ತಿ ನಾಟಕ ಕಂಪನಿಗಳು ವಾರಗಟ್ಟಲೆ ಅಲ್ಲೇ ಟೆಂಟು ಹಾಕಿ, ಒಂದರ ಪಕ್ಕ ಒಂದು ಆಟ ಕಟ್ಟುತ್ತವೆ. ಒಂದು ಟೆಂಟಿನ ನಾಯಕಿ ಅಳುತ್ತಿದ್ದರೆ ಪಕ್ಕದ ಟೆಂಟಿನ ಹಾಸ್ಯಗಾರನ ಮೈಕು ಅಡ್ಡ ಬರುತ್ತದೆ, ಪ್ರೇಕ್ಷಕರು ಎರಡಕ್ಕೂ ಸೇರಿಸಿ ಶಿಳ್ಳೆ ಹಾಕುತ್ತಾರೆ. ಆ ದಿನಗಳಲ್ಲಿ ಬಾದಾಮಿಯ ಲಾಡ್ಜುಗಳಲ್ಲಿ ರೂಮು ಸಿಗುವುದು ಕಷ್ಟ. ಬಾಗಲಕೋಟೆಯಲ್ಲೋ ಗದಗಿನಲ್ಲೋ ಮೊದಲೇ ಹಿಡಿದಿಟ್ಟು ಹೊರಡಿ. ಕೊನೆಯ ಅಂಕ ಮುಗಿಯುವಾಗ ಹೊತ್ತು ಬಹಳ ಆಗಿರುತ್ತದೆ, ಬುಟ್ಟಿಯವರೆಲ್ಲ ಮನೆಗೆ ಹೋಗಿರುತ್ತಾರೆ. ಮಧ್ಯಾಹ್ನವೇ ನಾಲ್ಕು ಕಡಕ್ ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಕಟ್ಟಿಸಿಕೊಂಡಿರಿ.