ಗೇಮ್‌ನೊಳಗಿನ ಕ್ಲಾಸ್ ಪ್ರಶ್ನೆಗೆ ಗೂಗಲ್ ನೋಡಿ ಉತ್ತರ ಕೊಟ್ಟರೆ ಜಾಣತನ ಯಾರಿಗೆ ಬರುತ್ತದೆ?

ಬೇಸಿಗೆ ರಜೆಯ ಒಂದು ಶನಿವಾರ ಮಧುರೆಯಲ್ಲಿರುವ ಅಕ್ಕನ ಮನೆಗೆ ಹೋಗಿದ್ದೆ. ಶನಿಮಹಾತ್ಮನ ದರ್ಶನಕ್ಕೆ ಬಂದವರ ಗಾಡಿಗಳ ಸಾಲು ದಾಟಿ ಮನೆ ಸೇರುವಷ್ಟರಲ್ಲಿ ಮಧ್ಯಾಹ್ನವಾಗಿತ್ತು. ನೀರು ಕೊಡುವ ಮೊದಲೇ ಅಕ್ಕ ಫೋನ್ ಮುಂದೆ ಹಿಡಿದಳು. "ನೋಡೇ, ಈ ಮೆಸೇಜಲ್ಲಿ ಗೇಮ್ ಆಡಿದ್ರೆ ಮಕ್ಳ ನೆನಪಿನ ಶಕ್ತಿ ಹಾಳಾಗುತ್ತೆ ಅಂತಿದೆ. ಇನ್ನೊಂದ್ರಲ್ಲಿ ಬುದ್ಧಿ ಚುರುಕಾಗುತ್ತೆ ಅಂತಿದೆ. ಯಾವುದನ್ನ ನಂಬ್ಲಿ?"

ಅವಳ ಚಿಂತೆಗೆ ಕಾರಣ ಒಳಗಿನ ಕೋಣೆಯಲ್ಲಿತ್ತು. ಎರಡನೇ ಪಿಯುಸಿಗೆ ಕಾಲಿಡುತ್ತಿದ್ದ ಮಗ ಲ್ಯಾಪ್‌ಟಾಪಿನಲ್ಲಿ ಆಟ ಆಡುತ್ತಿದ್ದ. ವಿಚಿತ್ರವೆಂದರೆ ಪರದೆಯ ಮೇಲೆ ಬಂದೂಕೂ ಇರಲಿಲ್ಲ, ಕಾರೂ ಇರಲಿಲ್ಲ. ಒಂದು ತರಗತಿ, ಒಬ್ಬ ಮೇಷ್ಟ್ರು, ಒಂದು ಪ್ರಶ್ನೆ, ಕೆಳಗೆ ಆಯ್ಕೆಗಳು. ಹುಡುಗ ಪಕ್ಕದಲ್ಲಿದ್ದ ಫೋನ್ ಎತ್ತಿಕೊಂಡ, ಉತ್ತರ ಹುಡುಕಿದ, ಒತ್ತಿದ. ಆಟದೊಳಗಿನ ಸಹಪಾಠಿಗಳು ಬೆರಗಾದರು.

"ನೀನೇ ಯೋಚನೆ ಮಾಡಿ ಹೇಳಬಾರದೇನೋ?" ಎಂದೆ.

"ತಪ್ಪಾದ್ರೆ ನಾಲೆಡ್ಜ್ ಪಾಯಿಂಟ್ ಬರಲ್ಲ ಚಿಕ್ಕಮ್ಮ."

ಅಕ್ಕನ ಪ್ರಶ್ನೆಗೆ ಉತ್ತರ ಹುಡುಕಲು ಈ ಮಾತಿನಿಂದಲೇ ಶುರು ಮಾಡಬಹುದು. ಬಂದ ನಾಲೆಡ್ಜ್ ಯಾರಿಗೆ ಬಂತು?

ಇದು ಯಾವ ಆಟ?

ಅವನು ಆಡುತ್ತಿದ್ದುದು 'ಪರ್ಸೋನಾ 5'. ಜಪಾನಿನ ಅಟ್ಲಸ್ ಕಂಪನಿ ತಯಾರಿಸಿದ ಈ ಆಟ ಅಲ್ಲಿ 2016ರಲ್ಲಿ, ಉಳಿದ ದೇಶಗಳಲ್ಲಿ 2017ರಲ್ಲಿ ಬಂತು. ಇಂಥವನ್ನು ರೋಲ್ ಪ್ಲೇಯಿಂಗ್ ಗೇಮ್ ಎನ್ನುತ್ತಾರೆ. ಅಂದರೆ ಆಡುವವರು ಒಂದು ಪಾತ್ರವನ್ನು ವಹಿಸಿಕೊಂಡು, ಅದನ್ನು ಹಂತಹಂತವಾಗಿ ಬೆಳೆಸುತ್ತಾ ಹೋಗಬೇಕು. ಇಲ್ಲಿನ ಪಾತ್ರ ಟೋಕಿಯೊದ ಒಬ್ಬ ಹೈಸ್ಕೂಲ್ ಹುಡುಗ. ಅವನು ರಾಕ್ಷಸರೊಡನೆ ಹೋರಾಡುತ್ತಾನೆ, ಜೊತೆಗೆ ದಿನವೂ ಶಾಲೆಗೂ ಹೋಗುತ್ತಾನೆ. ತರಗತಿಯಲ್ಲಿ ಮೇಷ್ಟ್ರು ಆಗಾಗ ಪ್ರಶ್ನೆ ಕೇಳುತ್ತಾರೆ. ಸರಿ ಉತ್ತರ ಕೊಟ್ಟರೆ ಪಾತ್ರದ 'ನಾಲೆಡ್ಜ್' ಏರುತ್ತದೆ. ಮುಂದೆ ಪರೀಕ್ಷೆಯೂ ಬರುತ್ತದೆ.

(ಪೋಷಕರಿಗೆ ಒಂದು ಮಾತು: ಶಾಲೆ, ಪಾಠ ಇದೆ ಎಂದು ಇದು ಚಿಕ್ಕ ಮಕ್ಕಳ ಆಟವಲ್ಲ. ಯುರೋಪಿನಲ್ಲಿ ಇದಕ್ಕೆ 16 ವರ್ಷ ಮೇಲ್ಪಟ್ಟವರ, ಅಮೆರಿಕದಲ್ಲಿ 17 ವರ್ಷ ಮೇಲ್ಪಟ್ಟವರ ರೇಟಿಂಗ್ ಇದೆ.)

ಆಟದ ಪ್ರಶ್ನೆಗಳಲ್ಲಿ ಹುರುಳಿದೆಯೇ? ಖಂಡಿತ ಇದೆ. ಉದಾಹರಣೆಗೆ, ಒಂದು ಪ್ರಶ್ನೆಯ ಉತ್ತರ 'ನಾಲ್ಕು ಬಣ್ಣಗಳ ಪ್ರಮೇಯ'. ಯಾವುದೇ ನಕಾಶೆಯಲ್ಲಿ ಗಡಿ ಹಂಚಿಕೊಂಡ ಎರಡು ಪ್ರದೇಶಗಳಿಗೆ ಒಂದೇ ಬಣ್ಣ ಬಾರದಂತೆ ತುಂಬಲು ನಾಲ್ಕು ಬಣ್ಣ ಸಾಕು ಎನ್ನುತ್ತದೆ ಈ ಪ್ರಮೇಯ. 1852ರಲ್ಲಿ ಫ್ರಾನ್ಸಿಸ್ ಗುತ್ರಿ ಎಂಬಾತ ಎತ್ತಿದ ಈ ಪ್ರಶ್ನೆಯನ್ನು ಬಿಡಿಸಲು ಗಣಿತಜ್ಞರಿಗೆ ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1976ರಲ್ಲಿ ಕೆನೆತ್ ಆಪೆಲ್ ಮತ್ತು ವೋಲ್ಫ್‌ಗ್ಯಾಂಗ್ ಹಾಕೆನ್ ಕಂಪ್ಯೂಟರಿನ ನೆರವಿನಿಂದ ಇದನ್ನು ಸಾಧಿಸಿ ತೋರಿಸಿದರು.

ನಮ್ಮ ಹುಡುಗ ಈ ಪ್ರಶ್ನೆಗೆ ಆಗಲೇ 'ಸರಿ ಉತ್ತರ' ಕೊಟ್ಟು ಮುಗಿಸಿದ್ದ. ಸಂಜೆ ಕಾಫಿ ಕುಡಿಯುವಾಗ ಸುಮ್ಮನೆ ಕೇಳಿದೆ: "ನಕಾಶೆಗೆ ಎಷ್ಟು ಬಣ್ಣ ಸಾಕು ಅಂತಿತ್ತಲ್ಲ, ಎಷ್ಟೋ?" ಅವನು ಮುಖ ನೋಡಿದ. ನೆನಪಿರಲಿಲ್ಲ. ಪಾಯಿಂಟ್ ಮಾತ್ರ ಪಾತ್ರದ ಖಾತೆಗೆ ಜಮೆಯಾಗಿತ್ತು.

ಓದಿದ್ದು ಉಳಿಯಲಿಲ್ಲವೇಕೆ?

ಇದು ಹುಡುಗನ ದಡ್ಡತನವಲ್ಲ, ಮಿದುಳು ಕೆಲಸ ಮಾಡುವ ರೀತಿ. ಕಣ್ಣಮುಂದೆ ಉತ್ತರ ಇರುವಾಗ ಅದನ್ನು ನೆನಪಿನಿಂದ ಎಳೆದು ತರುವ ಕೆಲಸವೇ ಇರುವುದಿಲ್ಲ. ಆ ಎಳೆದಾಟವೇ ನೆನಪನ್ನು ಗಟ್ಟಿ ಮಾಡುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು 'ಪರೀಕ್ಷೆಯ ಪರಿಣಾಮ' ಎನ್ನುತ್ತಾರೆ.

ಅಮೆರಿಕದ ಸೇಂಟ್ ಲೂಯಿಸ್‌ನ ವಾಷಿಂಗ್ಟನ್ ವಿಶ್ವವಿದ್ಯಾಲಯದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ಒಳ್ಳೆಯ ಸಾಕ್ಷಿ. ಕಾಲೇಜು ವಿದ್ಯಾರ್ಥಿಗಳು ಒಂದು ಪಾಠ ಓದಿದರು. ಆಮೇಲೆ ಕೆಲವರು ಅದನ್ನೇ ಇನ್ನೊಮ್ಮೆ ಓದಿದರು. ಉಳಿದವರು ಪುಸ್ತಕ ಮುಚ್ಚಿ ನೆನಪಿದ್ದಷ್ಟನ್ನು ಬರೆದರು. ಐದು ನಿಮಿಷ ಬಿಟ್ಟು ಪರೀಕ್ಷಿಸಿದಾಗ ಗೆದ್ದವರು ಎರಡು ಸಲ ಓದಿದವರೇ: ಅವರು ಶೇ 81ರಷ್ಟು ಹೇಳಿದರೆ, ನೆನಪಿಸಿಕೊಂಡು ಬರೆದವರು ಶೇ 75ರಷ್ಟು ಹೇಳಿದರು. ಆದರೆ ಒಂದು ವಾರದ ನಂತರ ಲೆಕ್ಕ ತಿರುಗಿಬಿತ್ತು. ಎರಡು ಸಲ ಓದಿದವರಲ್ಲಿ ಉಳಿದದ್ದು ಶೇ 42, ನೆನಪಿಸಿಕೊಂಡು ಬರೆದವರಲ್ಲಿ ಶೇ 56.

ಆ ಐದು ನಿಮಿಷದ ಗೆಲುವೇ ನಮ್ಮನ್ನು ಮೋಸಗೊಳಿಸುವುದು. ಓದಿದ ತಕ್ಷಣ 'ಎಲ್ಲಾ ಗೊತ್ತು' ಅನ್ನಿಸುತ್ತದೆ, ವಾರ ಕಳೆದರೆ ಸೋರಿಹೋಗಿರುತ್ತದೆ. ಪರೀಕ್ಷೆಯ ಹಿಂದಿನ ರಾತ್ರಿ ಓದಿದವರಿಗೆ ಈ ಅನುಭವ ಇದ್ದೇ ಇದೆ.

ಗೊತ್ತಿಲ್ಲದೆ ಊಹಿಸಿದರೆ ತಪ್ಪೇ ತಲೆಯಲ್ಲಿ ಕೂರುವುದಿಲ್ಲವೇ?

ಒಳ್ಳೆಯ ಅನುಮಾನ. ಇದಕ್ಕೆ ಎರಡು ಮುಖಗಳಿವೆ.

ಮೊದಲನೆಯದು: 2009ರಲ್ಲಿ ಕಾರ್ನೆಲ್, ಹೇಸ್ ಮತ್ತು ಬ್ಯೋರ್ಕ್ ಎಂಬ ಸಂಶೋಧಕರು, ಮೊದಲು ಊಹಿಸಿ ತಪ್ಪಿದರೂ ಆಮೇಲೆ ಸರಿ ಉತ್ತರ ಕಂಡರೆ ಅದು ಹೆಚ್ಚು ನೆನಪಿರುತ್ತದೆ ಎಂದು ತೋರಿಸಿದರು. ಸುಮ್ಮನೆ ಉತ್ತರ ಓದಿದವರಿಗಿಂತ ಪ್ರಯತ್ನಿಸಿ ಸೋತವರಿಗೇ ಲಾಭ.

ಎರಡನೆಯದು: ಸರಿ ಉತ್ತರ ಯಾರೂ ಹೇಳದಿದ್ದರೆ ಅಪಾಯವಿದೆ. ಆಯ್ಕೆ ಪ್ರಶ್ನೆಗಳಲ್ಲಿ ತಪ್ಪು ಆಯ್ಕೆಯನ್ನು ಆರಿಸಿದವರು ಮುಂದೆ ಅದನ್ನೇ ನಿಜವೆಂದು ಹೇಳುವ ಸಾಧ್ಯತೆ ಇರುತ್ತದೆ ಎಂದು ರೋಡಿಗರ್ ಮತ್ತು ಮಾರ್ಷ್ 2005ರಲ್ಲಿ ತೋರಿಸಿದ್ದರು. ಸರಿ ಉತ್ತರ ತಿಳಿಸಿದರೆ ಈ ತೊಂದರೆ ಬಹುಮಟ್ಟಿಗೆ ತಪ್ಪುತ್ತದೆ ಎಂದು 2008ರ ಇನ್ನೊಂದು ಅಧ್ಯಯನದಲ್ಲಿ ಕಂಡುಬಂತು.

ಅಂದರೆ ಊಹಿಸಿ, ಆದರೆ ಸರಿ ಉತ್ತರ ನೋಡದೆ ಬಿಡಬೇಡಿ. ಈ ದೃಷ್ಟಿಯಿಂದ ಪರ್ಸೋನಾದ ಮೇಷ್ಟ್ರು ಕೆಟ್ಟವರೇನಲ್ಲ. ಉತ್ತರ ಸರಿಯಾದರೂ ತಪ್ಪಾದರೂ ತಕ್ಷಣ ವಿವರಣೆ ಕೊಡುತ್ತಾರೆ. ತಪ್ಪಿದರೆ ದೊಡ್ಡ ನಷ್ಟವೂ ಇಲ್ಲ, ಆ ದಿನದ ಪಾಯಿಂಟ್ ಬರುವುದಿಲ್ಲ ಅಷ್ಟೆ. ತರಗತಿಯಲ್ಲಿ ಬಂದ ಕೆಲವು ವಿಷಯಗಳು ಮುಂದೆ ಪರೀಕ್ಷೆಯಲ್ಲಿ ಮತ್ತೆ ಬರುತ್ತವೆ. ಬಿಡುವು ಕೊಟ್ಟು ಮತ್ತೆ ಕೇಳುವುದು ಕಲಿಕೆಗೆ ಒಳ್ಳೆಯದೇ. ಫೋನ್ ನೋಡಿ ಒತ್ತುವವರು ಈ ಏರ್ಪಾಡನ್ನೆಲ್ಲ ತಾವಾಗಿಯೇ ಕಳೆದುಕೊಳ್ಳುತ್ತಾರೆ.

ಎಲ್ಲರೂ ಹೇಳಿದ್ದು ಸರಿಯೇ?

ಇಂಟರ್‌ನೆಟ್ ಸಂಪರ್ಕ ಇದ್ದರೆ ಪರ್ಸೋನಾ 5ರಲ್ಲಿ ಇನ್ನೊಂದು ಸೌಲಭ್ಯವಿದೆ. ಬೇರೆ ಆಟಗಾರರು ಯಾವ ಆಯ್ಕೆಯನ್ನು ಎಷ್ಟು ಶೇಕಡಾ ಆರಿಸಿದ್ದಾರೆ ಎಂದು ನೋಡಬಹುದು. 2012ರಲ್ಲಿ ಪುನೀತ್ ರಾಜ್‌ಕುಮಾರ್ ನಡೆಸಿಕೊಟ್ಟ 'ಕನ್ನಡದ ಕೋಟ್ಯಧಿಪತಿ' ನೋಡಿದವರಿಗೆ ಪ್ರೇಕ್ಷಕರ ಅಭಿಪ್ರಾಯ ಕೇಳುವುದು ಹೊಸದಲ್ಲ. ಆದರೆ ಹೆಚ್ಚು ಜನ ಆರಿಸಿದ್ದು ಎಂಬುದಕ್ಕೂ ನಿಜ ಎಂಬುದಕ್ಕೂ ವ್ಯತ್ಯಾಸವಿದೆ. 'ಎಷ್ಟೊಂದು ಗ್ರೂಪಲ್ಲಿ ಬಂದಿದೆ, ಸುಳ್ಳಿರುತ್ತಾ?' ಎನ್ನುವವರು ಮಾಡುವುದೂ ಇದೇ ಲೆಕ್ಕ.

ಹಾಗಾದರೆ ಗೂಗಲ್ ನೆನಪಿನ ಶಕ್ತಿಯನ್ನು ನಾಶ ಮಾಡುತ್ತದೆಯೇ?

ಇಲ್ಲ, ಹಾಗೆ ಹೇಳಲು ಸಾಕಷ್ಟು ಆಧಾರವಿಲ್ಲ. ಈ ಮಾತಿಗೆ ಹೆಚ್ಚಾಗಿ 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ 'ಗೂಗಲ್ ಪರಿಣಾಮ'ದ ಅಧ್ಯಯನವನ್ನು ಮುಂದಿಡುತ್ತಾರೆ. ಆದರೆ 2018ರಲ್ಲಿ ಹೆಸರಾಂತ ಪತ್ರಿಕೆಗಳ 21 ಪ್ರಯೋಗಗಳನ್ನು ವಿಜ್ಞಾನಿಗಳು ಮತ್ತೆ ಮಾಡಿ ನೋಡಿದಾಗ, ಆ ಅಧ್ಯಯನದಿಂದ ಆರಿಸಿಕೊಂಡ ಪ್ರಯೋಗಕ್ಕೆ ಅದೇ ಫಲಿತಾಂಶ ಬರಲಿಲ್ಲ.

ಹುಡುಕಾಟದ ಬಗ್ಗೆ ಗಮನಿಸಬೇಕಾದ ಅಪಾಯ ಬೇರೆ ಇದೆ. 2015ರಲ್ಲಿ ಫಿಶರ್ ಮತ್ತು ಸಂಗಡಿಗರು ನಡೆಸಿದ ಪ್ರಯೋಗಗಳಲ್ಲಿ, ಇಂಟರ್‌ನೆಟ್‌ನಲ್ಲಿ ವಿವರಣೆ ಹುಡುಕಿದವರು ಅದಕ್ಕೆ ಸಂಬಂಧವೇ ಇಲ್ಲದ ವಿಷಯಗಳನ್ನೂ ತಾವು ಚೆನ್ನಾಗಿ ವಿವರಿಸಬಲ್ಲೆವು ಎಂದು ಭಾವಿಸಿದ್ದರು. ಫೋನಿನಲ್ಲಿರುವ ತಿಳಿವಳಿಕೆಯನ್ನು ತಲೆಯಲ್ಲಿದೆ ಎಂದು ಎಣಿಸುವುದು ಸುಲಭ. ಆಟದ ಪಾತ್ರದ ನಾಲೆಡ್ಜ್ ಅಂಕ ಏರಿದಾಗ ಆಗುವ ಖುಷಿಯೂ ಇದೇ ಜಾತಿಯದು.

ನಮ್ಮ ಮನೆಗಳಲ್ಲಿ ಇದು ಮೊದಲೇ ಇತ್ತು

ಕ್ವಿಜ್‌ನಿಂದ ಕಲಿಯುವುದಕ್ಕೆ ಜಪಾನಿನ ಆಟವೇ ಬೇಕಿಲ್ಲ. ದೂರದರ್ಶನ ಚಂದನದಲ್ಲಿ 2002ರಿಂದ ಡಾ. ನಾ. ಸೋಮೇಶ್ವರ ಅವರು 'ಥಟ್ ಅಂತ ಹೇಳಿ!' ನಡೆಸಿಕೊಂಡು ಬಂದಿದ್ದಾರೆ. ಸರಿ ಉತ್ತರಕ್ಕೆ ಬಹುಮಾನ ಕನ್ನಡ ಪುಸ್ತಕ. ನಮ್ಮ ಅಮ್ಮ ಒಗ್ಗರಣೆ ಹಾಕುತ್ತಲೇ ಅಡುಗೆಮನೆಯಿಂದ ಉತ್ತರ ಕೂಗುತ್ತಿದ್ದರು. ತಪ್ಪಾದರೆ "ಅಯ್ಯೋ, ಹೌದಲ್ವಾ!" ಎನ್ನುತ್ತಿದ್ದರು. ಸ್ಪರ್ಧಿ ಬಾಯಿ ಬಿಡುವ ಮುನ್ನ ತಾನೇ ಹೇಳಿಬಿಡುವ ಆತುರ, ತಪ್ಪಿದಾಗ ತಕ್ಷಣ ಸಿಗುವ ಸರಿ ಉತ್ತರ: ಪ್ರಯೋಗಾಲಯದವರು ಹೇಳುವುದನ್ನೇ ಅವರು ದಿನವೂ ಮಾಡುತ್ತಿದ್ದರು.

ಆಟದ ಪ್ರಶ್ನೆಯಿಂದ ಪಿಯುಸಿ ಅಂಕ ಹೆಚ್ಚುತ್ತದೆಯೇ?

ಹೆಚ್ಚುತ್ತದೆ ಎಂದು ನಿರೀಕ್ಷಿಸಬೇಡಿ. ನೀವು ಯಾವುದನ್ನು ನೆನಪಿಸಿಕೊಳ್ಳುತ್ತೀರೋ ಅದು ಗಟ್ಟಿಯಾಗುತ್ತದೆ. ಆಟದಲ್ಲಿ ಜಪಾನಿನ ಯೋಧ ಯೊಶಿತ್ಸುನೆಯ ಬಗ್ಗೆ ಪ್ರಶ್ನೆ ಬರುತ್ತದೆ. ಅದನ್ನು ಕಲಿತರೆ ಯೊಶಿತ್ಸುನೆ ಗೊತ್ತಾಗುತ್ತಾನೆ, ಭೌತಶಾಸ್ತ್ರದ ಸೂತ್ರವಲ್ಲ. ಆಟದಿಂದ ತೆಗೆದುಕೊಂಡು ಹೋಗಬಹುದಾದದ್ದು ಕ್ರಮ. ಅದೇ ಕ್ರಮವನ್ನು ಪಠ್ಯಪುಸ್ತಕಕ್ಕೆ ಹೀಗೆ ಬಳಸಬಹುದು:

1. ಒಂದು ಪಾಠ ಓದಿ ಪುಸ್ತಕ ಮುಚ್ಚಿ. ನೆನಪಿದ್ದಷ್ಟನ್ನು ಹಾಳೆಯ ಮೇಲೆ ಬರೆಯಿರಿ.
2. ಪುಸ್ತಕ ತೆರೆದು ತಪ್ಪಿದ್ದನ್ನು, ಬಿಟ್ಟುಹೋದದ್ದನ್ನು ತಿದ್ದಿಕೊಳ್ಳಿ. ಈ ಹೆಜ್ಜೆ ಬಿಡಬೇಡಿ.
3. ಎರಡು ದಿನ ಬಿಟ್ಟು ಒಮ್ಮೆ, ವಾರ ಬಿಟ್ಟು ಒಮ್ಮೆ ಅದನ್ನೇ ಮತ್ತೆ ಕೇಳಿಕೊಳ್ಳಿ.
4. ಸಿಇಟಿಯ ಹಳೆಯ ಪ್ರಶ್ನೆಪತ್ರಿಕೆ ಬಿಡಿಸುವಾಗ ಆಯ್ಕೆಗಳನ್ನು ಕೈಯಿಂದ ಮುಚ್ಚಿ ಮೊದಲು ಉತ್ತರ ಹೇಳಿ, ಆಮೇಲೆ ಆಯ್ಕೆ ನೋಡಿ.

ಫಾರ್ವರ್ಡ್ ಕ್ವಿಜ್‌ಗಳ ಕಥೆ

'ನೂರಕ್ಕೆ 99 ಮಂದಿಗೆ ಇದರ ಉತ್ತರ ಗೊತ್ತಿಲ್ಲ' ಎಂಬ ತಲೆಬರಹದ ಪ್ರಶ್ನೆಗಳು ನಿಮಗೂ ಬಂದಿರುತ್ತವೆ. ಕೆಲವಕ್ಕೆ ಉತ್ತರವೇ ಇರುವುದಿಲ್ಲ, ಕೆಲವಕ್ಕೆ ಇರುವ ಉತ್ತರವೇ ತಪ್ಪು. ಹೆಚ್ಚು ಓಡಾಡುವ ಒಂದನ್ನು ನೋಡಿ: 'ಆಗಸ್ಟ್‌ಗೆ 31 ದಿನ ಏಕೆ?' ಉತ್ತರ: 'ಜೂಲಿಯಸ್ ಸೀಸರನ ಜುಲೈಗೆ 31 ದಿನ ಇದೆ ಎಂದು ಅಗಸ್ಟಸ್ ಹೊಟ್ಟೆಕಿಚ್ಚುಪಟ್ಟು ಫೆಬ್ರವರಿಯಿಂದ ಒಂದು ದಿನ ಕಿತ್ತುಕೊಂಡ.'

ಕಥೆ ಚೆನ್ನಾಗಿದೆ, ನಿಜವಲ್ಲ. ಆ ತಿಂಗಳಿಗೆ ಆಗ ಸೆಕ್ಸ್‌ಟಿಲಿಸ್ ಎಂಬ ಹೆಸರಿತ್ತು. ಕ್ರಿ.ಪೂ. 45ರಲ್ಲಿ ಜಾರಿಗೆ ಬಂದ ಜೂಲಿಯಸ್ ಸೀಸರನ ಪಂಚಾಂಗದಲ್ಲೇ ಅದಕ್ಕೆ 31 ದಿನ ಸಿಕ್ಕಿತ್ತು. ಅಗಸ್ಟಸನ ಹೆಸರು ಬಂದದ್ದು ಕ್ರಿ.ಪೂ. 8ರಲ್ಲಿ. ಕಿತ್ತುಕೊಂಡ ಕಥೆಯನ್ನು ಹಬ್ಬಿಸಿದ್ದು 13ನೇ ಶತಮಾನದ ವಿದ್ವಾಂಸ ಸಾಕ್ರೊಬೋಸ್ಕೊ. ಇಂಥ ತಪ್ಪು ಉತ್ತರ ಒಮ್ಮೆ ತಲೆಯಲ್ಲಿ ಕೂತರೆ ನಾವೇ ಅದನ್ನು ಹತ್ತು ಜನಕ್ಕೆ ಕಳಿಸುತ್ತೇವೆ. ಆದ್ದರಿಂದ ಕ್ವಿಜ್ ಫಾರ್ವರ್ಡ್ ಮಾಡುವ ಮುನ್ನ ಉತ್ತರವನ್ನು ಪರಿಶೀಲಿಸಿ. ಪರಿಶೀಲಿಸಲು ಆಗದಿದ್ದರೆ ನಿಮ್ಮಲ್ಲೇ ನಿಲ್ಲಿಸಿ.

ಒಟ್ಟಾರೆ ಹೇಳುವುದಾದರೆ

ಅಕ್ಕನಿಗೆ ಬಂದ ಎರಡೂ ಮೆಸೇಜ್‌ಗಳು ಅರ್ಧಂಬರ್ಧ. ಆಟದ ಪ್ರಶ್ನೆಗೆ ಉತ್ತರ ಕೊಟ್ಟ ಮಾತ್ರಕ್ಕೆ ಬುದ್ಧಿ ಹೆಚ್ಚುವುದಿಲ್ಲ, ಫೋನ್ ನೋಡಿ ಉತ್ತರ ಒತ್ತಿದ ಮಾತ್ರಕ್ಕೆ ನೆನಪಿನ ಶಕ್ತಿ ನಾಶವಾಗುವುದೂ ಇಲ್ಲ. ತಾನೇ ಯೋಚಿಸಿದ್ದು, ತಪ್ಪಿ ತಿದ್ದಿಕೊಂಡದ್ದು ಉಳಿಯುತ್ತದೆ. ನಕಲು ಮಾಡಿದ್ದು ಪಾತ್ರದ ಪಾಲಾಗುತ್ತದೆ.

ಆ ಸಂಜೆ ಹುಡುಗನಿಗೆ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ನಮ್ಮ ಬೆಂಗಳೂರು ಗ್ರಾಮಾಂತರ ಜಿಲ್ಲೆಯ ನಾಲ್ಕು ತಾಲ್ಲೂಕುಗಳನ್ನು ಬರೆದುಕೊಟ್ಟೆ. ನೆಲಮಂಗಲಕ್ಕೆ ದೊಡ್ಡಬಳ್ಳಾಪುರ, ದೊಡ್ಡಬಳ್ಳಾಪುರಕ್ಕೆ ದೇವನಹಳ್ಳಿ, ದೇವನಹಳ್ಳಿಗೆ ಹೊಸಕೋಟೆ ತಾಗಿಕೊಂಡಿವೆ. "ಎಷ್ಟು ಬಣ್ಣ ಬೇಕು?" ಎಂದೆ. "ನಾಲ್ಕು ತಾಲ್ಲೂಕು, ನಾಲ್ಕು ಬಣ್ಣ" ಎಂದ. ಬಣ್ಣ ಹಚ್ಚಲು ಕೂತಾಗ ಎರಡೇ ಸಾಕಾಯಿತು. ಒಂದು ಬಿಟ್ಟು ಒಂದಕ್ಕೆ ಅದೇ ಬಣ್ಣ ಹಚ್ಚಬಹುದು. ನಾಲ್ಕಕ್ಕೂ ತಾಗುವ ಬೆಂಗಳೂರು ನಗರ ಜಿಲ್ಲೆಯನ್ನು ಸೇರಿಸಿದಾಗ ಮೂರನೆಯದು ಬೇಕಾಯಿತು. ನಾಲ್ಕನೆಯದು ಯಾವಾಗ ಬೇಕಾಗುತ್ತದೆ ಎಂದು ಅವನೇ ಪೆನ್ಸಿಲ್ ಹಿಡಿದು ಹುಡುಕತೊಡಗಿದ. ಮೂರು ಪ್ರದೇಶಗಳು ಒಂದಕ್ಕೊಂದು ತಾಗಿಕೊಂಡು, ನಡುವೆ ಇನ್ನೊಂದನ್ನು ಸುತ್ತುವರಿದರೆ ಬೇಕು ಎಂದು ಊಟದ ಹೊತ್ತಿಗೆ ಕಂಡುಕೊಂಡ.

ಎರಡು ವಾರದ ನಂತರ ಫೋನಿನಲ್ಲಿ ಅದೇ ಪ್ರಶ್ನೆ ಮತ್ತೆ ಕೇಳಿದೆ. ಈ ಸಲ ಥಟ್ ಅಂತ ಹೇಳಿದ.