ಒಂದು ಬೆಟ್ಟದ ಕಾಫಿ

ನಮ್ಮ ಶಿಕಾರಿಪುರ, ಸೊರಬಗಳ ಅಡಿಕೆ ಬೆಳೆಗಾರನಿಗೆ ಸರಕು, ಬೆಟ್ಟೆ, ರಾಶಿ, ಗೊರಬಲುಗಳ ಭೇದವನ್ನು ಯಾರೂ ಕಲಿಸಬೇಕಾಗಿಲ್ಲ. ಎಲ್ಲವನ್ನೂ ಒಂದೇ ಚೀಲಕ್ಕೆ ಸುರಿದರೆ ಮಂಡಿಯಲ್ಲಿ ಏನಾಗುವುದೆಂಬುದು ಅವನಿಗೆ ಚೆನ್ನಾಗಿ ಗೊತ್ತು. ಆದರೆ ಅವನೇ ಮುಂಜಾನೆ ಕುಡಿಯುವ ಕಾಫಿ ಯಾವ ಸೀಮೆಯದೆಂದು ಕೇಳಿದರೆ, "ಅಂಗಡಿಯದು" ಎಂದಾನು. ಇದು ಬರಿಯ ಉದಾಸೀನವಲ್ಲ, ಇದಕ್ಕೊಂದು ಇತಿಹಾಸವುಂಟು.

ಒಂದೇ ಸೀಮೆಯಲ್ಲಿ ಬೆಳೆದು, ಬೇರೆಡೆಯ ಬೀಜದೊಡನೆ ಬೆರೆಯದೆ ಬಟ್ಟಲಿಗೆ ಬರುವ ಕಾಫಿಗೆ ಇಂದು ಪರದೇಶಗಳಲ್ಲಿ ವಿಶೇಷ ಮನ್ನಣೆ. ಇಥಿಯೋಪಿಯ, ಕೊಲಂಬಿಯಗಳ ಹೆಸರು ಅಲ್ಲಿಯ ರಸಿಕರಿಗೆ ಬಾಯಿಪಾಠ; ಭಾರತದ ಹೆಸರು ಅಷ್ಟಾಗಿ ಇಲ್ಲ. ಜಗತ್ತಿನ ಕಾಫಿಯಲ್ಲಿ ನಮ್ಮ ಪಾಲು ಶೇಕಡ 3ರಿಂದ 4ರಷ್ಟು ಮಾತ್ರ. ಅದರಲ್ಲಿ ಸುಮಾರು ಶೇಕಡ 70ರಷ್ಟನ್ನು ಬೆಳೆಯುವುದು ಕರ್ನಾಟಕವೇ.

ಹದಿನೇಳನೆಯ ಶತಮಾನದಲ್ಲಿ ಹಜ್ ಯಾತ್ರೆಗೆ ಹೋಗಿದ್ದ ಬಾಬಾಬುಡನ್ ಎಂಬ ಸಂತರು ಯೆಮನ್ನಿನಿಂದ ಏಳು ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಐತಿಹ್ಯ. ಬಾಬಾಬುಡನ್‌ಗಿರಿ ಎಂಬ ಹೆಸರು ಅವರದೇ. ಅರಬ್ಬರು ಮೊಳೆಯುವ ಬೀಜವನ್ನು ಹೊರಕ್ಕೆ ಬಿಡುತ್ತಿರಲಿಲ್ಲವೆಂಬುದನ್ನು ನೆನೆದರೆ ಕಥೆಯ ಸ್ವಾರಸ್ಯ ಹೆಚ್ಚುತ್ತದೆ.

ಅರೇಬಿಕಾ ಜಾತಿಗೆ ಸುಮಾರು 1000 ಮೀಟರಿಗೆ ಮೇಲ್ಪಟ್ಟ ಎತ್ತರ, ತಂಪು, ಮರಗಳ ನೆರಳು ಬೇಕು. ತಂಪಿನಲ್ಲಿ ಹಣ್ಣು ಮೆಲ್ಲನೆ ಮಾಗುತ್ತದೆ. ಬೀಜ ಗಟ್ಟಿಯಾಗಿ, ರುಚಿಯಲ್ಲಿ ತೆಳುವಾದ ಹುಳಿಯೂ ಪರಿಮಳವೂ ಕೂಡುತ್ತವೆ. ಸುಮಾರು 600 ಮೀಟರಿನ ನಮ್ಮ ಊರು ಅದಕ್ಕೆ ಒಗ್ಗದು. ತಗ್ಗಿನ ಬಿಸಿಯಲ್ಲಿ ಎಲೆಯ ತುಕ್ಕುರೋಗವೂ ಕಾಂಡಕೊರಕ ಹುಳುವೂ ಅರೇಬಿಕಾವನ್ನು ಬೇಗ ಹಿಡಿಯುತ್ತವೆ. ತುಕ್ಕುರೋಗದೊಡನೆ ಹೋರಾಡಲು ಬಾಳೆಹೊನ್ನೂರಿನಲ್ಲಿ 1925ರಲ್ಲಿ ತೊಡಗಿದ ಸಂಶೋಧನೆಯ ಫಲವೇ ಎಸ್. 795 ಎಂಬ ತಳಿ. ಇಂದಿಗೂ ಅನೇಕ ತೋಟಗಳಲ್ಲಿ ಅದೇ ನಿಂತಿದೆ.

ಇಷ್ಟಿದ್ದೂ ಬೆಟ್ಟದ ಹೆಸರು ಬಟ್ಟಲಿನವರೆಗೆ ಬರಲಿಲ್ಲವೇಕೆ? ಎರಡನೆಯ ಮಹಾಯುದ್ಧದಲ್ಲಿ ಯೂರೋಪಿನ ಪೇಟೆ ಮುಚ್ಚಿತು. ಬೆಳೆಗಾರರನ್ನು ಉಳಿಸಲು 1942ರ ಕಾಫಿ ಕಾಯಿದೆಯಂತೆ ಎಲ್ಲ ಬೆಳೆಯೂ ಕಾಫಿ ಮಂಡಳಿಯ ಒಂದೇ ಕೂಡುರಾಶಿಗೆ ಸೇರಬೇಕಾಯಿತು. ದರ್ಜೆ ನೋಡಿ ಅಂಕ, ಅಂಕ ನೋಡಿ ಹಣ, ಅದೂ ಕಂತುಗಳಲ್ಲಿ. ಅಂದಿನ ಸಂಕಟಕ್ಕೆ ಅದು ಸರಿಯಾದ ಮದ್ದೇ. ಆದರೆ ಯುದ್ಧ ಮುಗಿದು ನಾಲ್ಕೈದು ದಶಕ ಕಳೆದರೂ ಮದ್ದು ನಿಲ್ಲಲಿಲ್ಲ! ಒಬ್ಬನು ಹಣ್ಣನ್ನು ಆರಿಸಿ ಕೊಯ್ದು ಎಷ್ಟು ಶ್ರದ್ಧೆಯಿಂದ ಒಣಗಿಸಿದರೂ ಅವನ ತೋಟದ ಗುರುತು ರಾಶಿಯಲ್ಲಿ ಕರಗಿಹೋಗುತ್ತಿತ್ತು. 1992ರಿಂದ ಕಟ್ಟು ಸಡಿಲವಾಗಿ, 1996ರಲ್ಲಿ ಮಾರಾಟ ಪೂರ್ತಿ ಮುಕ್ತವಾಯಿತು. 2019ರಲ್ಲಿ ಬಾಬಾಬುಡನ್‌ಗಿರಿ, ಚಿಕ್ಕಮಗಳೂರು, ಕೊಡಗುಗಳ ಅರೇಬಿಕಾಗಳಿಗೆ ಭೌಗೋಳಿಕ ಗುರುತಿನ ಮುದ್ರೆ ದೊರೆಯಿತು. ಬೇರೆ ಊರಿನ ಬೀಜಕ್ಕೆ ಈ ಹೆಸರಿಡುವುದು ಈಗ ಅಪರಾಧ. ಆದರೆ ಮುದ್ರೆಯೊಂದೇ ಬೆಲೆಯನ್ನು ತಂದುಕೊಡದು. ಹೆಸರು ಕೇಳಿ ಕೊಳ್ಳುವವರೂ ಬೇಕಷ್ಟೆ.

ಕೊಳ್ಳುವವರೆಂದರೆ ನಾವೂ ಹೌದು. ನಮ್ಮ ಪೇಟೆಯ ಪುಡಿಯಲ್ಲಿ ಚಿಕೋರಿ ಬೆರೆಸುವುದು ವಾಡಿಕೆ. ಚಿಕೋರಿ ಒಂದು ಗಿಡದ ಬೇರು. ಡಿಕಾಕ್ಷನ್ನಿಗೆ ಕಪ್ಪು ಬಣ್ಣವನ್ನೂ ಮಂದವನ್ನೂ ಕೊಡುತ್ತದೆ. ಕಾಯಿದೆಯಂತೆ ಅದು ಶೇಕಡ 49ನ್ನು ಮೀರುವಂತಿಲ್ಲ. ಪ್ರಮಾಣವನ್ನು ಪೊಟ್ಟಣದ ಮೇಲೆ ಮುದ್ರಿಸಬೇಕು. ಅರ್ಧಕ್ಕರ್ಧ ಬೇರು ಬೆರೆತ ಮೇಲೆ ಬೆಟ್ಟದ ಪರಿಮಳವನ್ನು ಹುಡುಕುವುದೆಲ್ಲಿ? ಸಂದೇಹವಿದ್ದವರು ಒಂದು ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಮಚ ಪುಡಿಯನ್ನು ಉದುರಿಸಿ ನೋಡಬಹುದು. ಕಾಫಿ ಬಹಳ ಹೊತ್ತು ತೇಲುತ್ತದೆ. ಚಿಕೋರಿ ಕಂದುಗೆರೆಗಳನ್ನು ಎಳೆಯುತ್ತ ಬೇಗನೆ ತಳ ಸೇರುತ್ತದೆ.