ವಾಂತಿಭೇದಿಯ ವಿಷವೆಲ್ಲಿಯದು?

ವಾಂತಿಭೇದಿಯೆಂದರೆ ನಮ್ಮ ಮನೆಯ ಹಿರಿಯರು ಈಗಲೂ ನಡುಗುವರು. ಆ ರೋಗಾಣುವಿಗೆ ವಿಷವು ಹುಟ್ಟುಗುಣವೆಂದೇ ನಾವು ಬಹುಕಾಲ ನಂಬಿದ್ದೆವು. ಅದು ಎರವಲು ತಂದುದು! ರೋಗಾಣುಗಳನ್ನೇ ಹಿಡಿದು ಬಾಳುವ, ಅವುಗಳಿಗಿಂತಲೂ ಅತಿ ಸೂಕ್ಷ್ಮವಾದ ವೈರಸ್ಸುಗಳುಂಟು. ಇವಕ್ಕೆ ಬ್ಯಾಕ್ಟೀರಿಯೋಫೇಜ್ ಎಂದು ಹೆಸರು. ವಿಷವನ್ನುಂಟುಮಾಡುವ ಜೀನು ಇಂತಹ ವೈರಸ್ಸೊಂದರ ಸೊತ್ತೆಂದು 1996ರಲ್ಲಿ ವಾಲ್ಡರ್ ಮತ್ತು ಮೆಕಲಾನೋಸ್ ಎಂಬ ಅಮೆರಿಕದ ವಿಜ್ಞಾನಿಗಳು ತೋರಿಸಿಕೊಟ್ಟರು. ಈ ವೈರಸ್ಸು ರೋಗಾಣುವನ್ನು ಕೊಲ್ಲುವುದಿಲ್ಲ; ಒಳಹೊಕ್ಕು, ತನ್ನ ಜೀನುಗಳನ್ನು ಅದರ ಜೀನುಗಳ ಸಾಲಿನಲ್ಲಿಯೇ ಪೋಣಿಸಿಬಿಡುವುದು. ಅಂದಿನಿಂದ ಅದರ ಸಂತತಿಗೆಲ್ಲ ವಿಷವು ಪಿತ್ರಾರ್ಜಿತ.

ಒಳಹೋಗುವ ದಾರಿಯಾದರೋ ಇನ್ನೂ ವಿಚಿತ್ರ. ಕರುಳಿನಲ್ಲಿ ನೆಲೆಯೂರುವುದಕ್ಕೆಂದು ರೋಗಾಣುವು ಕೂದಲಿನಂತಹ ಎಳೆಗಳನ್ನು ಚಾಚುವುದಷ್ಟೆ. ಆ ಎಳೆಯನ್ನೇ ವೈರಸ್ಸು ಹಿಡಿದುಕೊಳ್ಳುವುದು. ಪ್ರಯೋಗಶಾಲೆಯ ಪಾತ್ರೆಗಿಂತ ಇಲಿಯ ಕರುಳಿನಲ್ಲಿ ಈ ಜೀನುದಾನವು ಹೆಚ್ಚು ಸಲೀಸಾಗಿ ನಡೆಯಿತು. ಕೆರೆಯ ನೀರಿನಲ್ಲಿ ನಿರ್ವಿಷವಾಗಿದ್ದ ಅಣುವೂ ನಮ್ಮ ಹೊಟ್ಟೆಯೊಳಗೇ ವಿಷವನ್ನು ಪಡೆಯಬಹುದೆಂದು ಇದರಿಂದ ಊಹಿಸಬೇಕಾಗಿದೆ.